ಎಲೆ ಬೀಳಿಸುವ ಮಾವ

ಮರದಿಂದ ಎಲೆ ಬೀಳಬೇಕಿತ್ತು. ಚಪ್ಪಲಿ ಬಿತ್ತು.

ಬಿದ್ದದ್ದು ರಂಗಮಂದಿರದ ವೇದಿಕೆಯ ನಟ್ಟನಡುವೆ, ಹೊಸ ನಾಟಕದ ತಾಲೀಮು ನೋಡಲು ಬಂದಿದ್ದ ಗಣ್ಯರ ಕಣ್ಣೆದುರು. ಬೀಳಿಸಿದವರು ನನ್ನ ಸೋದರಮಾವ. ಅದು ನಾಟಕದ ಕೊನೆಯ ದೃಶ್ಯ. ಮನೆಮಂದಿಯೊಂದಿಗೆಲ್ಲ ಜಗಳವಾಡಿ ಗಂಟುಮೂಟೆ ಕಟ್ಟಿದ ಹೆಂಗಸು ಅಂಗಳದ ಮರದಡಿ ನಿಂತು, ಅಂಗೈ ಚಾಚಿ, “ನೀನಾದ್ರೂ ಹೇಳು. ನಾನು ಇರಲೋ, ಹೋಗಲೋ?” ಎಂದು ಮರವನ್ನೇ ಕೇಳುತ್ತಾಳೆ. ಮರ ಒಂದೇ ಒಂದು ಎಲೆಯನ್ನು ಅವಳ ಅಂಗೈಗೆ ಉದುರಿಸುತ್ತದೆ. ಅವಳು ಅದನ್ನು ಎದೆಗೊತ್ತಿಕೊಂಡು, “ಇರು ಅಂತು” ಎನ್ನುತ್ತಾಳೆ. ಆಗ ಪರದೆ ಬೀಳಬೇಕು, ನೋಡುವವರ ಕಣ್ಣಿಂದ ಹನಿ ಬೀಳಬೇಕು. ಇವೆಲ್ಲ ಬೀಳಬೇಕಾದರೆ ಮೊದಲು ಎಲೆ ಬೀಳಬೇಕು.

ಎಲೆಯೂ ಬಿತ್ತು ಅನ್ನಿ. ವೇದಿಕೆಯ ಮೇಲ್ಗಡೆಯ ಅಟ್ಟದಲ್ಲಿ ಕೂತಿದ್ದ ಮಾವ ಬಗ್ಗಿ ಅದನ್ನು ಬಿಟ್ಟರು. ಅದು ಎಡಕ್ಕೆ ವಾಲಿತು, ಬಲಕ್ಕೆ ತೂಗಿತು, ಮನೆಯಲ್ಲಿ ಏನೋ ಮರೆತು ಬಂದವರಂತೆ ಹಿಂದಕ್ಕೆ ತಿರುಗಿತು, ಬಣ್ಣದ ಪರದೆಯ ಸಂದಿಯಲ್ಲಿ ಮಾಯವಾಯಿತು. ಎಲ್ಲಿ ಹೋಯಿತೆಂದು ನೋಡಲು ಮಾವ ಇನ್ನಷ್ಟು ಬಗ್ಗಿದರು. ಬಾರು ಸಡಿಲವಾಗಿದ್ದ ಎಡಗಾಲಿನ ಚಪ್ಪಲಿ ಕಳಚಿಕೊಂಡಿತು. ಅದು ವಾಲಲೂ ಇಲ್ಲ, ತೂಗಲೂ ಇಲ್ಲ. ಗೆರೆ ಎಳೆದ ಹಾಗೆ ನೆಟ್ಟಗೆ ಬಂದು ಆ ಹೆಂಗಸಿನ ಅಂಗೈಯಲ್ಲಿ ಪಟ್ಟೆಂದು ಕೂತಿತು.

ಆ ಪಾತ್ರ ಮಾಡುತ್ತಿದ್ದವರು ರಂಗಮಂದಿರದ ಹಿರಿಯ ನಟಿ, ಎಲ್ಲರಿಗೂ ದೊಡ್ಡಕ್ಕ. ಆಕಾಶವೇ ಕಳಚಿ ಬಿದ್ದರೂ ಮಾತು ನಿಲ್ಲಿಸುವ ಪೈಕಿ ಅಲ್ಲ. ಬಿದ್ದದ್ದು ಬರೀ ಚಪ್ಪಲಿ. ಅದನ್ನೇ ಎದೆಗೊತ್ತಿಕೊಂಡು, ಕಣ್ಣು ತುಂಬಿಕೊಂಡು, “ಇರು ಅಂತು” ಎಂದರು.

ಗಣ್ಯರು ಗಾಂಭೀರ್ಯ ಬಿಟ್ಟು ಬಿದ್ದು ಬಿದ್ದು ನಕ್ಕರು. “ಹೂ ಬಿಡೋ ಮರ ನೋಡಿದ್ದೆ, ಕಾಯಿ ಬಿಡೋ ಮರ ನೋಡಿದ್ದೆ, ಚಪ್ಪಲಿ ಬಿಡೋ ಮರ ಇದೇ ಮೊದಲು” ಎಂದರು ಒಬ್ಬರು. ನಗದೆ ಉಳಿದವರು ನಿರ್ದೇಶಕರೊಬ್ಬರೇ. ಸದಾ ಕಪ್ಪು ಅಂಗಿ ಹಾಕುವ, ಸದಾ ಹಲ್ಲುನೋವು ಇದ್ದಂತೆ ಕಾಣುವ ಮನುಷ್ಯ ಅವರು. ವೇದಿಕೆಗೆ ಬಂದು ಕತ್ತು ಮೇಲೆತ್ತಿ ಕೂಗಿದರು:

“ಚಪ್ಪಲಿಗೆ ದಾರಿ ಗೊತ್ತಿದೆ! ಎಲೆಗೆ ಯಾಕ್ರೀ ಗೊತ್ತಿಲ್ಲ?”

ದೀಪಗಳ ಆಚೆಯಿಂದ ಮಾವನ ಸಣ್ಣ ದನಿ ಕೇಳಿಸಿತು. “ನಂಗೂ ಅದೇ ಗೊತ್ತಾಗ್ತಿಲ್ಲ ಸಾರ್.”

ಮಾವನ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ವೇದಿಕೆಯ ಮೇಲೆ, ದೀಪಗಳ ಸಾಲಿಗೂ ಮೇಲೆ, ಹಲಗೆ ಹಾಸಿದ ಒಂದು ಕಿರಿದಾದ ಓಣಿ ಇದೆ. ಅದೇ ಅಟ್ಟ. ನಾಟಕದಲ್ಲಿ ಮೇಲಿನಿಂದ ಕೆಳಕ್ಕೆ ಏನೇನು ಬೀಳಬೇಕೋ ಅದನ್ನೆಲ್ಲ ಅಲ್ಲಿಂದ ಬೀಳಿಸುವುದು ಅವರ ಕೆಲಸ. ಮದುಮಕ್ಕಳ ಮೇಲೆ ಹೂವು, ಬೀದಿ ದೀಪದ ಕೆಳಗೆ ಹತ್ತಿಯ ಹಿಮ, ಕೋಟೆ ಸುಟ್ಟಾಗ ಬೂದಿ, ಕವಿ ಸತ್ತಾಗ ಹಕ್ಕಿಯ ಗರಿ. ಹೀಗಾಗಿ ರಂಗಮಂದಿರದಲ್ಲಿ ಅವರ ಹೆಸರು ‘ಮೇಲಿನವರು’. ಅಲ್ಲಿ ಯಾರಾದರೂ “ಎಲ್ಲಾ ಮೇಲಿನವರ ಇಚ್ಛೆ” ಎಂದು ನಿಟ್ಟುಸಿರು ಬಿಟ್ಟರೆ ಅದನ್ನು ಭಕ್ತಿ ಎಂದುಕೊಳ್ಳಬಾರದು. ಅದು ದೂರು.

ಅವರು ಅಲ್ಲಿಗೆ ಸೇರಿದ್ದು ನಟನಾಗಲಿಕ್ಕೆ. ಮೊದಲ ಪಾತ್ರ ಕಾವಲುಗಾರನದು, ಮಾತು ಒಂದೇ: “ಯಾರಲ್ಲಿ?” ಬೆಳಕು ಬಂದಾಗ ಎದುರಿಗೆ ಸಾಲು ಸಾಲು ಮುಖಗಳು ಕಂಡವು. ಮಾವನಿಗೆ ಮಾತು ಮರೆತು, ನಿಂತ ಜಾಗ ಮರೆತು, ಕೊನೆಗೆ ತಾನೇ ಯಾರು ಎನ್ನುವುದೂ ಮರೆತುಹೋಯಿತು. ಯಾರೋ ರಟ್ಟೆ ಹಿಡಿದು ಒಳಗೆಳೆದು, ಏಣಿ ಹತ್ತಿಸಿ, “ಸ್ವಲ್ಪ ಹೊತ್ತು ಯಾರ ಕಣ್ಣಿಗೂ ಬೀಳಬೇಡ ಮಾರಾಯ” ಎಂದರು. ಆ ಸ್ವಲ್ಪ ಹೊತ್ತು ಇನ್ನೂ ಮುಗಿದಿಲ್ಲ. ಮಾವ ಯಾರ ಕಣ್ಣಿಗೂ ಬೀಳದೆ, ಉಳಿದದ್ದನ್ನೆಲ್ಲ ಬೀಳಿಸುತ್ತ, ಅಲ್ಲೇ ನಡುವಯಸ್ಸನ್ನು ದಾಟಿದರು.

ಇದರಿಂದ ಅವರಿಗೆ ವಿಚಿತ್ರವಾದ ಒಂದು ವಿದ್ಯೆ ಒಲಿಯಿತು, ಬೇರೊಂದು ಕೈಬಿಟ್ಟಿತು. ಜನರನ್ನು ನೆತ್ತಿಯಿಂದ ಗುರುತು ಹಿಡಿಯುವುದು ಬಂತು. ಮುಖದಿಂದ ಗುರುತು ಹಿಡಿಯುವುದು ಹೋಯಿತು. ನಾಯಕನ ಬೋಳು ಯಾವ ಕಡೆಯಿಂದ ಶುರುವಾಗಿದೆ ಎಂಬುದು ಅವನ ಹೆಂಡತಿಗಿಂತ ಮೊದಲು ಮಾವನಿಗೆ ತಿಳಿದಿತ್ತು. ಆದರೆ ಒಮ್ಮೆ ತರಕಾರಿ ಅಂಗಡಿಯಲ್ಲಿ ದೊಡ್ಡಕ್ಕ ಎದುರಾಗಿ, “ಚೆನ್ನಾಗಿದೀರಾ? ಮನೇಲೆಲ್ಲ ಹೇಗಿದಾರೆ? ಮೊಣಕಾಲು ಹೇಗಿದೆ?” ಎಂದು ಒಂದೇ ಸಮನೆ ಕೇಳುತ್ತಿದ್ದರೂ ಮಾವ ಕಂಗಾಲಾಗಿ ನಗುತ್ತ ನಿಂತಿದ್ದರು. ದೊಡ್ಡಕ್ಕನ ಚೀಲದಿಂದ ಟೊಮೆಟೊ ಉರುಳಿತು. ಎತ್ತಿಕೊಳ್ಳಲು ಅವರು ಬಗ್ಗಿದ್ದೇ ತಡ, ಬೈತಲೆ ಕಂಡ ಮಾವ ಹಿರಿಹಿರಿ ಹಿಗ್ಗಿ, “ಓ! ದೊಡ್ಡಕ್ಕಾ! ನೀವಾ!” ಎಂದು ಕೂಗಿದರು.

ಇಂಥವರಿಗೆ ನಿರ್ದೇಶಕರು ಚಪ್ಪಲಿಯ ಮರುದಿನ ಹೇಳಿದ ಮಾತು ಇದು. ಮೊದಲ ಪ್ರದರ್ಶನದಲ್ಲಿ ಎಲೆ ದೊಡ್ಡಕ್ಕನ ಅಂಗೈಗೆ ಬೀಳದಿದ್ದರೆ ಮುಂದಿನದರಿಂದ ಎಲೆಯೇ ಇರುವುದಿಲ್ಲ. ದೀಪದ ಮುಂದೆ ಗಾಜಿಟ್ಟು ಎಲೆಯ ಚಿತ್ರವನ್ನು ಬೀಳಿಸುತ್ತಾರೆ. ಹೂವು, ಹಿಮ, ಬೂದಿ ಎಲ್ಲವೂ ಹಾಗೇ. ಅಟ್ಟಕ್ಕೆ ಬೀಗ. ಮಾವ ಕೆಳಗಿಳಿದು ಬಾಗಿಲ ಪಕ್ಕದ ಕೋಣೆಯಲ್ಲಿ ಪ್ರೇಕ್ಷಕರ ಕೊಡೆ, ಚೀಲ, ಹೆಲ್ಮೆಟ್ಟು ಕಾಯಬೇಕು.

“ಒಳ್ಳೇ ಕೆಲಸ ರೀ. ಕುರ್ಚಿ ಇದೆ, ಫ್ಯಾನ್ ಇದೆ” ಎಂದರು ನಿರ್ದೇಶಕರು.

ಅವರಿಗೇನು ಗೊತ್ತು! ಆ ಕೋಣೆಯಲ್ಲಿ ಟೋಕನ್ ಕೊಡುವ ಪದ್ಧತಿ ಇಲ್ಲ. ಮುಖ ನೋಡಿ ಅವರವರ ಸಾಮಾನನ್ನು ಅವರವರಿಗೆ ಕೊಡುವುದು ಆ ರಂಗಮಂದಿರದ ಹಳೆಯ ಹೆಮ್ಮೆ. ಸಾಲು ಸಾಲು ಮುಖಗಳಿಂದ ತಪ್ಪಿಸಿಕೊಳ್ಳಲು ಏಣಿ ಹತ್ತಿದ ಮನುಷ್ಯನನ್ನು ಅದೇ ಮುಖಗಳ ಬಾಗಿಲಿಗೆ ಕೂರಿಸುವ ಮಾತು ಇದು.

ಮಾವ ಆ ದಿನ ನಮ್ಮ ಮನೆಗೆ ಬಂದು, “ಕೆಳಗಿಳಿಸ್ತಾರಂತೆ ಕಣೋ” ಎಂದರು. ನೇಣಿಗೇರಿಸ್ತಾರಂತೆ ಎನ್ನುವ ದನಿಯಲ್ಲಿ. ಜೊತೆಗೆ ಬಂದಿದ್ದ ಅತ್ತೆಯ ದನಿ ಬೇರೆ. “ಇಳಿಸ್ಲಿ ಬಿಡು. ಮದುವೆ ಆದಾಗಿಂದ ಇಳೀರಿ ಇಳೀರಿ ಅಂತ ಬಡ್ಕೋತಿದೀನಿ. ಊರಲ್ಲಿ ಎಲ್ರ ಗಂಡಂದಿರೂ ಮೇಲಕ್ಕೆ ಬರ್ಬೇಕು ಅಂತ ಹೆಂಡ್ತೀರು ಆಸೆ ಪಟ್ರೆ ನಂದೊಂದು ಉಲ್ಟಾ.” ಹಾಗೆನ್ನುತ್ತಲೇ ಅವರು ಎಲೆ ಕತ್ತರಿಸುತ್ತಿದ್ದರು. ಆ ನಾಟಕಕ್ಕೆ ಬೇಕಾದ ತಾಮ್ರದ ಬಣ್ಣದ ಕಾಗದದ ಎಲೆಗಳೆಲ್ಲ ಅತ್ತೆಯ ಕತ್ತರಿಯಿಂದಲೇ ಬರುತ್ತಿದ್ದವು. ಬೈಗುಳ ಬಾಯಿಯ ಕೆಲಸ, ಎಲೆ ಕೈಯ ಕೆಲಸ, ಒಂದಕ್ಕೊಂದು ಸಂಬಂಧವಿಲ್ಲ.

ಆಗ ಬಂದವರು ಮೇಷ್ಟ್ರು. ನಿರ್ದೇಶಕರ ಹೆಂಡತಿಯ ತಮ್ಮ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು. ಭಾವನ ಮಾತನ್ನು ಭಾಮೈದ ಕೇಳದಿದ್ದರೂ ಭಾಮೈದನ ಮಾತನ್ನು ಭಾವ ಕೇಳಬೇಕು ಎನ್ನುವುದು ಅಕ್ಕನ ಶಾಸನ. ಮೇಷ್ಟ್ರಿಗೆ ಬೀಳುವ ವಸ್ತು ಎಂದರೆ ಪ್ರಾಣ. ಮಾವನನ್ನೂ ನನ್ನನ್ನೂ ಖಾಲಿ ಸಭಾಂಗಣದಲ್ಲಿ ಕೂರಿಸಿ ಪಾಠ ಶುರುಮಾಡಿದರು. ನನಗೆ ನನ್ನ ಕಾನ್ವೆಂಟಿನ ವಿಜ್ಞಾನದ ಸಿಸ್ಟರ್ ನೆನಪಾದರು. ಗಾಳಿಯೊಂದು ಇಲ್ಲದಿದ್ದರೆ ಗರಿಯೂ ಕಲ್ಲೂ ಒಟ್ಟಿಗೇ ನೆಲ ಮುಟ್ಟುತ್ತವೆ ಎಂದು ಕುರ್ಚಿ ಹತ್ತಿ ಹೇಳುತ್ತಿದ್ದರು. ಗಾಳಿಯೊಂದು ಇಲ್ಲದಿದ್ದರೆ ಹೇಳಲು ಸಿಸ್ಟರೂ ಇರುತ್ತಿರಲಿಲ್ಲ, ಕೇಳಲು ನಾವೂ ಇರುತ್ತಿರಲಿಲ್ಲ ಎಂದು ಮೆಲ್ಲಗೆ ಗೊಣಗಿ ತರಗತಿಯ ಹೊರಗೆ ನಿಂತಿದ್ದೆ. ಆದ್ದರಿಂದ ಮುಂದಿನದು ನನಗೂ ಹೊಸದೇ.

“ನೋಡಿ, ಎರಡೇ ಬಲ,” ಎಂದರು ಮೇಷ್ಟ್ರು. “ಭೂಮಿ ಕೆಳಕ್ಕೆ ಎಳೆಯುತ್ತೆ. ಗಾಳಿ ಮೇಲಕ್ಕೆ ತಳ್ಳುತ್ತೆ. ವೇಗ ಹೆಚ್ಚಿದಷ್ಟೂ ಗಾಳಿ ಜೋರಾಗಿ ತಳ್ಳುತ್ತೆ. ಚಪ್ಪಲಿ ಭಾರ, ಗಾಳಿಗೆ ಬಗ್ಗಲ್ಲ. ಬೀಳ್ತಾ ಬೀಳ್ತಾ ವೇಗ ಏರ್ತಾನೇ ಹೋಗುತ್ತೆ. ಎಲೆ ಹಗುರ, ಅಗಲ. ಸ್ವಲ್ಪ ದೂರದಲ್ಲೇ ಗಾಳಿಯ ತಳ್ಳಾಟ ಭೂಮಿಯ ಎಳೆದಾಟಕ್ಕೆ ಸಮ ಆಗುತ್ತೆ.”

“ಸಮ ಆದ್ರೆ?” ಎಂದರು ಮಾವ.

“ಸಮ ಆದ್ರೆ ಒಟ್ಟು ಬಲ ಸೊನ್ನೆ.”

“ಹಾಗಾದ್ರೆ ಎಲೆ ಅಲ್ಲೇ ನಿಂತ್ಕೋಬೇಕಲ್ವಾ?”

“ಇಲ್ಲ. ಅದೇ ವೇಗದಲ್ಲಿ ಇಳೀತಾ ಇರುತ್ತೆ.”

“ಯಾರೂ ಎಳೀದೆ?”

“ಎಳೀತಾರೆ. ಆದ್ರೆ ಅಷ್ಟೇ ತಳ್ತಾರೆ.”

“ಮತ್ತೆ ಯಾಕೆ ಇಳಿಯುತ್ತೆ?”

“ಇಳೀತಾ ಇತ್ತಲ್ಲ, ಅದಕ್ಕೆ.”

ಮಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅವರು ಮೆಲ್ಲಗೆ ಹೇಳಿದರು: “ನಮ್ಮ ಆಡಳಿತ ಮಂಡಳಿ ಹೀಗೇ. ಎಳೆಯೋರು ಎಳೀತಾರೆ, ತಳ್ಳೋರು ತಳ್ತಾರೆ, ಒಟ್ಟು ಸೊನ್ನೆ. ಇಳಿಯೋದು ಮಾತ್ರ ನಿಂತಿಲ್ಲ.”

ಮೇಷ್ಟ್ರಿಗೆ ನಗು ಬರಲಿಲ್ಲ. ಅವರು ನಿಜವಾದ ತೊಡಕಿಗೆ ಬಂದಿದ್ದರು. ಎಲೆ ಚಪ್ಪಟೆ. ಅದರ ಒಂದು ಅಂಚು ಕೂದಲೆಳೆಯಷ್ಟು ತಗ್ಗಿದರೂ ಗಾಳಿ ಅದನ್ನು ಪಕ್ಕಕ್ಕೆ ಜಾರಿಸುತ್ತದೆ. ಜಾರಿದ್ದು ತಲೆ ಎತ್ತುತ್ತದೆ. ಎತ್ತಿದ್ದು ಮತ್ತೆ ಆಚೆಗೆ ಜಾರುತ್ತದೆ. ಬಿಡುವಾಗ ಬೆರಳು ಚೂರು ನಡುಗಿದರೆ ಸಾಕು, ಕೆಳಗೆ ಬರುವಷ್ಟರಲ್ಲಿ ಅದು ಬೇರೆಯೇ ಊರಿಗೆ ಹೋಗಿರುತ್ತದೆ.

“ಅಂದ್ರೆ ಎಲ್ಲಿ ಬೀಳುತ್ತೆ ಅಂತ ವಿಜ್ಞಾನ ಹೇಳುತ್ತಾ?” ನಾನು ಕೇಳಿದೆ.

“ಕೆಳಗೆ ಬೀಳುತ್ತೆ ಅಂತ ಖಂಡಿತ ಹೇಳುತ್ತೆ” ಎಂದರು ಮೇಷ್ಟ್ರು.

ಆಮೇಲೆ ಪ್ರಯೋಗಗಳ ಪರ್ವ. ಎಲೆಯ ತೊಟ್ಟಿಗೆ ಗುಂಡುಪಿನ್ನು ಸಿಕ್ಕಿಸಿದರು. ಎಲೆ ಬಾಣದಂತೆ ನೆಟ್ಟಗೆ ಬಂದು ದೊಡ್ಡಕ್ಕನ ಅಂಗೈಗೆ ಚುಚ್ಚಿತು. ದೊಡ್ಡಕ್ಕ “ಇರು” ಎನ್ನುವ ಬದಲು ಬೇರೆ ಏನೋ ಅಂದರು. ಅದನ್ನು ಯಾವ ಮರವೂ ಅಂದಿರಲಾರದು. ಎಲೆಗೆ ದಾರ ಕಟ್ಟಿ ಇಳಿಬಿಟ್ಟರು. ದೀಪದಲ್ಲಿ ದಾರ ಫಳಫಳ ಹೊಳೆದು, ಎಲೆಯ ಬದಲು ಜೇಡ ಇಳಿದುಬಂದಂತಾಯಿತು. “ಎಲೆ ಇಳೀಬಾರದು ರೀ, ಬೀಳ್ಬೇಕು!” ಎಂದು ನಿರ್ದೇಶಕರು ಕೈ ಹಿಸುಕಿಕೊಂಡರು. ಮೇಣ ಸವರಿದ ಎಲೆ ತಟ್ಟೆಯಂತೆ ತೇಲಿ ಸೀದಾ ನಿರ್ದೇಶಕರ ಚಹಾಕ್ಕೆ ಬಿತ್ತು. ಗುರಿ ಚೆನ್ನಾಗಿತ್ತು, ಜಾಗ ತಪ್ಪಿತ್ತು.

ದೊಡ್ಡಕ್ಕನ ಸಹನೆಯೂ ಬೀಳತೊಡಗಿತು. “ಅಲ್ಲಪ್ಪಾ, ಎಲೆ ಎಲ್ಲಿ ಬೀಳುತ್ತೋ ಅಲ್ಲಿಗೆ ನಾನೇ ಓಡಿಹೋಗಿ ಹಿಡೀಲಾ? ಚೆಂಡಾಟ ಆಡ್ದಂಗೆ?” ಎಂದರು.

“ಬೇಡ ದೊಡ್ಡಕ್ಕ. ಮರ ಉತ್ತರ ಕೊಡ್ಬೇಕು, ನೀವು ಕಿತ್ಕೊಳ್ಳೋದಲ್ಲ” ಎಂದರು ನಿರ್ದೇಶಕರು.

“ಮರಕ್ಕೇ ಉತ್ತರ ಗೊತ್ತಿಲ್ಲ ಅನ್ಸುತ್ತೆ ನಂಗೆ.”

ಕೊನೆಗೆ ಮೇಷ್ಟ್ರೇ ದಾರಿ ಕಂಡರು. ಎಲೆಯನ್ನು ಚಪ್ಪಟೆಯಾಗಿ ಬಿಡದೆ ಸಣ್ಣ ದೊನ್ನೆಯಂತೆ ಬಾಗಿಸಬೇಕು. ಹೊಟ್ಟೆ ಕೆಳಗಾಗಿ ಬಿಟ್ಟರೆ ಗಾಳಿ ಸುತ್ತಲೂ ಒಂದೇ ಸಮ ತಳ್ಳುತ್ತದೆ, ಎಲೆ ವಾಲುವುದಿಲ್ಲ. ಅತ್ತೆ ಎಲ್ಲಕ್ಕಿಂತ ತೆಳುವಾದ ಕಾಗದ ಹುಡುಕಿ, ಚಮಚದ ಬೆನ್ನಿಗೆ ಒತ್ತಿ ಒಣಗಿಸಿ ಅಂಥ ಎಲೆಗಳನ್ನು ಮಾಡಿಕೊಟ್ಟರು. ಮಾವ ದಿನಾ ಬೆಳಿಗ್ಗೆ ಎದ್ದು ಖಾಲಿ ರಂಗಮಂದಿರಕ್ಕೆ ಹೋಗಿ ಅವನ್ನು ಮತ್ತೆ ಮತ್ತೆ ಬಿಟ್ಟರು. ಎಲೆ ಸಣ್ಣಗೆ ನಡುಗುತ್ತ, ಹೋಗಲೋ ಬೇಡವೋ ಎಂಬಂತೆ ಇಳಿದು, ಸೀಮೆಸುಣ್ಣದಿಂದ ಗುರುತು ಮಾಡಿದ ಜಾಗದಲ್ಲೇ ಕೂರತೊಡಗಿತು. ಆ ವಾರ ಮಾವ ಬೀದಿಯಲ್ಲಿ ಕಂಡವರಿಗೆಲ್ಲ ತಾವಾಗಿಯೇ ನಮಸ್ಕಾರ ಮಾಡಿದರು, ಯಾರೆಂದು ತಿಳಿಯದಿದ್ದರೂ.

ಆಮೇಲೆ ಕೊನೆಯ ತಾಲೀಮು ಬಂತು. ನಟನಟಿಯರ ಬಂಧುಬಳಗ, ನೆರೆಹೊರೆಯವರನ್ನೆಲ್ಲ ಕರೆದು ಸಭಾಂಗಣ ತುಂಬಿಸಿದ್ದರು. ದೊಡ್ಡಕ್ಕ ಕೈ ಚಾಚಿದರು. ಮಾವ ಎಲೆ ಬಿಟ್ಟರು. ಎಲೆ ಬಂತು, ದೊಡ್ಡಕ್ಕನ ತಲೆಯ ಮಟ್ಟಕ್ಕೆ ಬಂತು, ನಿಂತಿತು. ನಿಂತು ಯೋಚಿಸಿತು. ಮೆಲ್ಲಗೆ ಒಂದು ಗೇಣು ಮೇಲಕ್ಕೆ ಹೋಯಿತು. ಅಲ್ಲಿಂದ ಮುಂದಿನ ಸಾಲುಗಳ ತಲೆಯ ಮೇಲೆ ತೇಲುತ್ತ ಸಾಗಿ, ನಿರ್ದೇಶಕರ ಹೆಂಡತಿಯ ಮಡಿಲಲ್ಲಿ ಬಿತ್ತು. ಆಕೆ ಅದನ್ನು ಎದೆಗೊತ್ತಿಕೊಳ್ಳಲಿಲ್ಲ, ಕೊಡವಿದರು.

ಮೇಷ್ಟ್ರು ಮಾತ್ರ ಕುಣಿದಾಡಿದರು. “ಅದ್ಭುತ! ಖಾಲಿ ಹಾಲ್ ತಣ್ಣಗಿತ್ತು. ಈಗ ಇಷ್ಟು ಜನ, ಇಷ್ಟು ದೀಪ! ಬಿಸಿಗಾಳಿ ಮೇಲೇಳ್ತಿದೆ. ಎಲೆ ಗಾಳಿಯ ಲೆಕ್ಕದಲ್ಲಿ ಕೆಳಗೇ ಬೀಳ್ತಿದೆ, ನಮ್ಮ ಲೆಕ್ಕದಲ್ಲಿ ಮೇಲೆ ಹೋಗ್ತಿದೆ. ಎರಡೂ ನಿಜ!”

ಅಟ್ಟದಿಂದ ಇಳಿದ ಮಾವನ ಮುಖದಲ್ಲಿ ಬಣ್ಣವೇ ಇರಲಿಲ್ಲ. “ಮೇಷ್ಟ್ರೇ, ಬೀಳಿಸಿದ್ದೆಲ್ಲ ಬೀಳೋದು ಒಂದೇ ಈ ಪ್ರಪಂಚದಲ್ಲಿ ನಂಗೆ ಗೊತ್ತಿದ್ದದ್ದು. ಬೀಳಿಸಿದ್ದು ಮೇಲಕ್ಕೆ ಹೋಗೋದಾದ್ರೆ ನಾನು ಇಷ್ಟು ವರ್ಷ ಮಾಡಿದ್ದೇನು?” ಎಂದರು.

ಅಲ್ಲಿಂದ ಮೊದಲ ಪ್ರದರ್ಶನದವರೆಗೆ ಮಾವನದು ತ್ರಿಶಂಕುವಿನ ಪಾಡು. ಭಾರದ ಎಲೆ ಮಾಡೋಣವೆಂದರೆ ಕಲ್ಲಿನಂತೆ ಬೀಳುತ್ತದೆ ಎಂದು ನಿರ್ದೇಶಕರು ಒಪ್ಪುವುದಿಲ್ಲ. ಹಗುರದ ಎಲೆ ಮಾಡೋಣವೆಂದರೆ ಜನ ಉಸಿರಾಡುತ್ತಾರೆ. ಊಟಕ್ಕೆ ಕೂತರೆ ತಟ್ಟೆಯನ್ನು ಬಿಟ್ಟು ಅನ್ನದ ಮೇಲೆ ಏಳುವ ಹಬೆಯನ್ನೇ ದಿಟ್ಟಿಸುತ್ತಿದ್ದರು. ಒಂದು ದಿನ ನಾನು ಹೋದಾಗ ಪಡಸಾಲೆಯಲ್ಲಿ ಮೇಜು ಅಡ್ಡ ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲೆ ಅಕ್ಕಪಕ್ಕದ ಮನೆಗಳಿಂದ ಬೇಡಿ ತಂದ ಕೊಡೆಗಳು.

“ಇದೇನು ಮಾವ?”

“ಅಭ್ಯಾಸ. ಕೆಳಗಿನ ಕೋಣೆಗೆ.”

ಅತ್ತೆ, ಪಕ್ಕದ ಮನೆಯ ದರ್ಜಿ, ಎದುರು ಮನೆಯ ನರ್ಸಮ್ಮ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೇ ಬಂದರು. ಮಾವ ಪ್ರತಿಯೊಬ್ಬರ ಮುಖವನ್ನೂ ಬೆವರುತ್ತ ನೋಡಿದರು. ದರ್ಜಿಯ ಕೊಡೆ ನರ್ಸಮ್ಮನಿಗೆ ಹೋಯಿತು. ನರ್ಸಮ್ಮನದು ನನ್ನ ಕೈಗೆ ಬಂತು. ನಾನು ಕೊಡೆ ತಂದೇ ಇರಲಿಲ್ಲ. ಅತ್ತೆಗೆ “ತಮ್ಮದು ಯಾವುದು ಮೇಡಂ?” ಎಂದರು.

“ಮೇಡಂ ಅಂತೆ, ಮೇಡಂ! ಕಟ್ಕೊಂಡೋಳ ಗುರುತೂ ಇಲ್ವೇನ್ರೀ?”

“ಗಾಬರಿ ಕಣೇ. ಸ್ವಲ್ಪ ಬಗ್ಗು, ಗೊತ್ತಾಗುತ್ತೆ.”

ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ. ಎರಡೂ ಕೈ ಮೇಜಿನ ಮೇಲಿಟ್ಟು ಕೊಡೆಗಳನ್ನೇ ನೋಡುತ್ತ ಕೂತರು. ಅತ್ತೆಯ ನಗೆ ಅರ್ಧಕ್ಕೆ ನಿಂತಿತು. ಅವರು ಕೊಡೆಗಳನ್ನೆಲ್ಲ ಬಾಚಿಕೊಂಡು ಒಳಗಿಟ್ಟು ಬಂದರು. “ಮೊಣಕಾಲು ನೋವಾದ್ರೆ ನಾನು ಎಣ್ಣೆ ತಿಕ್ತೀನಿ. ನೀವು ಅಲ್ಲೇ ಇರಿ” ಎಂದರು. ಇಷ್ಟು ವರ್ಷ ‘ಇಳಿಯಿರಿ’ ಎಂದವರು ‘ಇರಿ’ ಎಂದದ್ದು ಅದೇ ಮೊದಲು. ಆದರೆ ಅದನ್ನು ಅತ್ತೆ ಹೇಳಿದರೆ ಸಾಲದು, ಎಲೆ ಹೇಳಬೇಕಿತ್ತು.

ಮೊದಲ ಪ್ರದರ್ಶನದ ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಪ್ಪಲಿಯ ಸುದ್ದಿ ಹಬ್ಬಿತ್ತು. ಅರ್ಧ ಜನ ನಾಟಕ ನೋಡಲು, ಇನ್ನರ್ಧ ಜನ ಏನು ಬೀಳುತ್ತದೆಂದು ನೋಡಲು ಬಂದಿದ್ದರು. ಅತ್ತೆ ಮತ್ತು ನಾನು ನಡುವಿನ ಸಾಲಿನಲ್ಲಿ ಕೂತೆವು. ನಮ್ಮ ಮುಂದೆಯೇ ಮೇಷ್ಟ್ರು. ಅವರು ಆಗಾಗ ಕೈಯೆತ್ತಿ ಅಂಗೈಯಿಂದ ಗಾಳಿಯನ್ನು ಮುಟ್ಟಿ ನೋಡಿ ತಲೆಯಾಡಿಸುತ್ತಿದ್ದರು. ಜ್ವರ ಇಳಿಯದ ರೋಗಿಯನ್ನು ನೋಡಿದ ವೈದ್ಯರ ಹಾಗೆ.

ಕೊನೆಯ ದೃಶ್ಯ ಬಂತು. ದೊಡ್ಡಕ್ಕ ಗಂಟನ್ನು ಕೆಳಗಿಟ್ಟು ಮರದಡಿ ನಿಂತರು. ಅಂಗೈ ಚಾಚಿದರು.

“ನೀನಾದ್ರೂ ಹೇಳು. ನಾನು ಇರಲೋ, ಹೋಗಲೋ?”

ಏನೂ ಬೀಳಲಿಲ್ಲ.

ದೊಡ್ಡಕ್ಕ ಕಾದರು. ಇಡೀ ಸಭಾಂಗಣ ಕಾಯಿತು. ಅತ್ತೆ ನನ್ನ ಮುಂಗೈ ಹಿಡಿದುಕೊಂಡರು, ಉಗುರು ಒಳಗಿಳಿಯುವಂತೆ. “ಬಿಡ್ರೀ... ಬಿಡ್ರೀ...” ಎಂದು ಪಿಸುಗುಟ್ಟಿದರು. ಅದು ಮಾವನಿಗೆ ಹೇಳಿದ್ದು. ನನ್ನ ಕೈಯನ್ನು ಅವರು ಬಿಡಲಿಲ್ಲ. ವೇದಿಕೆಯ ಪಕ್ಕದ ಮರೆಯಲ್ಲಿ ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ನಿಂತದ್ದು ಕಾಣುತ್ತಿತ್ತು. ದೊಡ್ಡಕ್ಕ ಒಂದು ಹೆಜ್ಜೆ ಮುಂದಿಟ್ಟು, ಮರದ ಕಾಂಡವನ್ನು ಇನ್ನೊಂದು ಕೈಯಿಂದ ಸವರಿ, ನಾಟಕದಲ್ಲಿ ಇಲ್ಲದ ಮಾತೊಂದನ್ನು ತಾವೇ ಹುಟ್ಟಿಸಿ ಆಡಿದರು: “ಅವಸರ ಇಲ್ಲ. ಯೋಚ್ನೆ ಮಾಡಿ ಹೇಳು.”

ಯಾರೂ ಕೆಮ್ಮಲಿಲ್ಲ. ಯಾರ ಕುರ್ಚಿಯೂ ಕಿರುಗುಟ್ಟಲಿಲ್ಲ.

ಆಗ ಬಂತು. ದೀಪಗಳ ಆಚೆಯ ಕತ್ತಲಿನಿಂದ ಒಂದೇ ಎಲೆ. ಮೊದಲು ಎಡಕ್ಕೆ, ತಪ್ಪಿಹೋಯಿತು ಎನ್ನುವಷ್ಟು ಎಡಕ್ಕೆ ಹೋಯಿತು. ಅಲ್ಲಿ ಬಿಸಿಗಾಳಿಯ ಮೇಲೆ ಕ್ಷಣಕಾಲ ನಿಂತು, ತಿರುಗಿ, ತನ್ನಷ್ಟಕ್ಕೆ ತಾನೇ ಸುತ್ತುತ್ತ, ಯಾವ ಅವಸರವೂ ಇಲ್ಲದೆ ಬಲಕ್ಕೆ ಬಂತು. ದೊಡ್ಡಕ್ಕ ಕೈಯನ್ನು ಒಂದಿಷ್ಟೂ ಅಲುಗಿಸಲಿಲ್ಲ. ಎಲೆ ಅವರ ಅಂಗೈಯ ನಡುವೆ ಕೂತು, ಒಮ್ಮೆ ನಡುಗಿ, ಸುಮ್ಮನಾಯಿತು.

“ಇರು ಅಂತು.”

ಪರದೆ ಬಿದ್ದದ್ದು ಯಾರಿಗೂ ಕಾಣಲಿಲ್ಲ. ಎಲ್ಲರ ಕಣ್ಣೂ ಮಂಜಾಗಿತ್ತು. ಆಮೇಲೆ ಎದ್ದ ಚಪ್ಪಾಳೆಗೆ ಇನ್ನೂ ನಾಲ್ಕು ಎಲೆ ಉದುರಬಹುದಿತ್ತು. ಅತ್ತೆ ನನ್ನ ಕೈ ಬಿಟ್ಟು ಮುಖ ಮುಚ್ಚಿಕೊಂಡು ಅತ್ತರು. ಅತ್ತೆ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಾವು ಹಿಂಬದಿಗೆ ಓಡಿದಾಗ ಏಣಿಯ ಕೆಳಗೆ ಇಡೀ ರಂಗಮಂದಿರವೇ ನೆರೆದಿತ್ತು. ಮಾವ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದರು. ಒಂದು ಕೈಯಲ್ಲಿ ಏಣಿ ಹಿಡಿದಿದ್ದರು, ಇನ್ನೊಂದು ಮುಷ್ಟಿ ಕಟ್ಟಿತ್ತು. ಕೆಳಗೆ ಅಷ್ಟೊಂದು ಮುಖಗಳನ್ನು ಕಂಡು ಅರ್ಧದಲ್ಲೇ ನಿಂತರು. ನಿರ್ದೇಶಕರೇ ಮೇಲೆ ಹತ್ತಿ ಅವರ ಕಾಲು ಹಿಡಿದುಕೊಂಡರು. ನಮಸ್ಕಾರಕ್ಕೋ ಬೀಳದಂತೆಯೋ ತಿಳಿಯಲಿಲ್ಲ.

“ಎಲ್ರೂ ಕೇಳಿ! ಇವರಿರೋವರೆಗೂ ಅಟ್ಟ ಇವರದೇ. ದೀಪದ ಎಲೆ ಗೀಲೆ ಎಲ್ಲ ಸುಳ್ಳು. ಅಬ್ಬಾ, ಏನು ಕಾಯಿಸಿದ್ರಿ ನನ್ನ! ಪ್ರಾಣ ಬಾಯಿಗೆ ಬಂದಿತ್ತು. ಆ ಮೌನ! ಅದನ್ನ ನನ್ನ ಕೈಲಿ ಬರ್ಸೋಕೆ ಆಗ್ತಿರ್ಲಿಲ್ಲ.”

“ಅದೇ ಗುಟ್ಟು!” ಎಂದು ಮೇಷ್ಟ್ರು ನುಗ್ಗಿದರು. “ಜನ ಉಸಿರು ಬಿಗಿಹಿಡೀಲಿ ಅಂತ ಕಾದಿದಾರೆ. ಉಸಿರು ನಿಂತಾಗ ಗಾಳಿಯ ಏರಿಕೆ ಸಡಿಲ ಆಗಿದೆ. ಅದನ್ನ ಮೇಲೆ ಕೂತು ಚರ್ಮದಲ್ಲೇ ಅಳೆದಿದಾರೆ. ಎಡಕ್ಕೆ ಬಿಟ್ಟು ಬಲಕ್ಕೆ ತರೋದು ಅಂದ್ರೆ ಸಾಮಾನ್ಯಾನಾ?” ಎಲ್ಲರೂ ಹೌದು ಹೌದು ಎಂದರು. ಯಾರಿಗೂ ಅರ್ಥವಾಗಿರಲಿಲ್ಲ. ದೊಡ್ಡಕ್ಕ ಮಾವನ ಮುಂದೆ ತಲೆ ಬಗ್ಗಿಸಿ ನಿಂತರು, ಗುರುತು ಸಿಗಲಿ ಎಂದು. ಮಾವ ಎಲ್ಲದಕ್ಕೂ ಪೆಚ್ಚುನಗೆ ನಗುತ್ತಿದ್ದರು. ಆ ನಗೆಯನ್ನು ವಿನಯ ಎಂದು ಎಲ್ಲರೂ ತಿಳಿದರು. ಅತ್ತೆಯೂ ತಿಳಿದರು.

ಜನ ಕರಗಿದರು. ಅತ್ತೆ ದೊಡ್ಡಕ್ಕನ ಜೊತೆ ಬಣ್ಣದ ಕೋಣೆಗೆ ಹೋದರು. ಪರದೆಗಳ ನಡುವೆ ಮಾವ ಮತ್ತು ನಾನು ಇಬ್ಬರೇ ಉಳಿದೆವು. ನನಗೆ ತಡೆಯಲಾಗಲಿಲ್ಲ. ಈ ಮನುಷ್ಯನನ್ನು ಹುಟ್ಟಿದಾಗಿನಿಂದ ಬಲ್ಲೆ. ಇವರು ಗಾಳಿಯ ಏರಿಕೆಯನ್ನು ಚರ್ಮದಲ್ಲಿ ಅಳೆದರೆಂದರೆ ನಂಬಲೂ ಆಗದು, ಕಣ್ಣಾರೆ ಕಂಡದ್ದನ್ನು ಬಿಡಲೂ ಆಗದು.

“ಮಾವ, ನನ್ನಾಣೆ, ನಿಜ ಹೇಳಿ. ಹೇಗೆ ಬಿಟ್ರಿ ಆ ಎಲೇನ?”

ಮಾವ ಸುತ್ತಲೂ ನೋಡಿ ಮುಷ್ಟಿ ಬಿಚ್ಚಿದರು. ಬೆವರಿಗೆ ಒದ್ದೆಯಾಗಿ ಅಂಗೈಗೆ ಅಂಟಿಕೊಂಡ, ತಾಮ್ರದ ಬಣ್ಣದ ಕಾಗದದ ಎಲೆ ಅಲ್ಲಿತ್ತು.

“ನಾನೆಲ್ಲಿ ಬಿಟ್ಟೆ? ಕೈಗೆ ಅಂಟ್ಕೊಂಡು ಬರ್ಲೇ ಇಲ್ಲ ಕಣೋ. ಬಿದ್ದದ್ದು ಮೇಲೆಲ್ಲೋ ಸಿಕ್ಕೊಂಡಿದ್ದ, ಯಾವ್ದೋ ಹಳೇ ನಾಟಕದ್ದು.”